ಡಾಕ್ಟರೇಟ್ ಪಡೆದ ನರ್ಸ್ ಪ್ರಾಕ್ಟೀಷನರ್‌ಗಳು ಎಷ್ಟು ಮಂದಿ? ಅಮೆರಿಕದ ಒಂದು ರಾಜ್ಯ ಲೆಕ್ಕ ಹಾಕಿದ ಪ್ರಕರಣ

ಇದು ಅಮೆರಿಕದ ಒಂದು ಮಧ್ಯಮ ಗಾತ್ರದ ರಾಜ್ಯದ ಪ್ರಕರಣ. ರಾಜ್ಯ, ಅದರ ನರ್ಸಿಂಗ್ ಮಂಡಳಿ, ಲೆಕ್ಕ ಹಾಕಿದ ಕೇಂದ್ರ, ಸಾಫ್ಟ್‌ವೇರ್ ಕಂಪನಿ ಯಾವುದರ ಹೆಸರನ್ನೂ ಹೇಳಿಲ್ಲ. ಕೊನೆಗೆ ಸಿಕ್ಕ ಅಂಕಿಗಳನ್ನೂ ಬಿಟ್ಟಿದೆ. ರಾಜ್ಯವಾರು ನರ್ಸ್ ಪ್ರಾಕ್ಟೀಷನರ್ ಸಂಖ್ಯೆಗಳು ಬಹಿರಂಗವಾಗಿಯೇ ಸಿಗುವುದರಿಂದ, ಒಂದು ಅಂಕಿ ಕೊಟ್ಟರೂ ರಾಜ್ಯ ಯಾವುದೆಂದು ಪತ್ತೆ ಹಚ್ಚಬಹುದು. ಗುರುತು ಮರೆಸಲು ಇಂಥದೇ ಕೆಲಸ ನಡೆದ ಬೇರೆ ಕಡೆಯ ಕೆಲವು ವಿವರಗಳನ್ನೂ ಬೆರೆಸಿದೆ.

ಹಿನ್ನೆಲೆ

ನರ್ಸ್ ಪ್ರಾಕ್ಟೀಷನರ್, ಚಿಕ್ಕದಾಗಿ ಎನ್‌ಪಿ, ಎಂದರೆ ರಿಜಿಸ್ಟರ್ಡ್ ನರ್ಸ್ ಲೈಸೆನ್ಸ್ ಇದ್ದವರು ಅದರ ಮೇಲೆ ಸ್ನಾತಕೋತ್ತರ ಮಟ್ಟದ ಓದು ಮುಗಿಸಿ, ರಾಷ್ಟ್ರಮಟ್ಟದ ಪ್ರಮಾಣೀಕರಣ ಪರೀಕ್ಷೆ ಪಾಸಾಗಿ, ರಾಜ್ಯದಿಂದ ಎರಡನೆಯ ಲೈಸೆನ್ಸ್ ಪಡೆಯುವ ಹುದ್ದೆ. ರೋಗಿಯನ್ನು ಪರೀಕ್ಷಿಸುವುದು, ರೋಗ ಗುರುತಿಸುವುದು, ಔಷಧಿ ಬರೆಯುವುದು ಇವರ ಕೆಲಸ. 1965ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟಾ ಫೋರ್ಡ್ ಮತ್ತು ಹೆನ್ರಿ ಸಿಲ್ವರ್ ಶುರು ಮಾಡಿದಾಗ ಇದು ಪದವಿಯೇ ಆಗಿರಲಿಲ್ಲ, ನರ್ಸುಗಳಿಗೆ ಕೊಡುವ ಹೆಚ್ಚುವರಿ ತರಬೇತಿಯಾಗಿತ್ತು. ಆ ಮೇಲೆ ಅದು ಮಾಸ್ಟರ್ಸ್ ಆಯಿತು. 2004ರಲ್ಲಿ ಅಮೆರಿಕದ ನರ್ಸಿಂಗ್ ಕಾಲೇಜುಗಳ ಸಂಘವು 2015ರ ಹೊತ್ತಿಗೆ ಈ ಓದನ್ನು ‘ಡಾಕ್ಟರ್ ಆಫ್ ನರ್ಸಿಂಗ್ ಪ್ರಾಕ್ಟೀಸ್’, ಅಂದರೆ ಡಿಎನ್‌ಪಿ ಮಟ್ಟಕ್ಕೆ ಏರಿಸಬೇಕೆಂದು ನಿರ್ಣಯಿಸಿತು. 2015 ಬಂತು, ಹೋಯಿತು, ಮಾಸ್ಟರ್ಸ್ ಕೋರ್ಸುಗಳು ಉಳಿದೇ ಇದ್ದವು. 2018ರಲ್ಲಿ ಎನ್‌ಪಿ ಶಿಕ್ಷಕರ ರಾಷ್ಟ್ರೀಯ ಸಂಘಟನೆ ಹೊಸ ಗುರಿ ಇಟ್ಟುಕೊಂಡಿತು: 2025.

ಇವೆರಡೂ ಗುರಿಗಳೇ ಹೊರತು ಕಟ್ಟಳೆಗಳಲ್ಲ. ಅರಿವಳಿಕೆ ನರ್ಸುಗಳ ವಿಷಯ ಬೇರೆ. ಅಲ್ಲಿ ಮಾನ್ಯತೆ ಕೊಡುವ ಸಂಸ್ಥೆಯೇ 2022ರ ಜನವರಿಯಿಂದ ಸೇರುವ ವಿದ್ಯಾರ್ಥಿಗಳೆಲ್ಲ ಡಾಕ್ಟರೇಟ್ ಕೋರ್ಸಿನಲ್ಲೇ ಇರಬೇಕೆಂದು ವಿಧಿಸಿತು. ಹಾಗಾಗಿ ಅವರು ಪಾಸಾದ ವರ್ಷ ಗೊತ್ತಾದರೆ ಪದವಿಯನ್ನು ಬಹುಮಟ್ಟಿಗೆ ಊಹಿಸಬಹುದು. ಎನ್‌ಪಿಗಳಲ್ಲಿ ಈ ಊಹೆ ನಡೆಯದು. ಒಂದೇ ವರ್ಷ ಪಾಸಾಗಿ, ಒಂದೇ ಪರೀಕ್ಷೆ ಬರೆದು, ಒಂದೇ ಲೈಸೆನ್ಸ್ ಹಿಡಿದ ಇಬ್ಬರಲ್ಲಿ ಒಬ್ಬರದು ಮಾಸ್ಟರ್ಸ್, ಇನ್ನೊಬ್ಬರದು ಡಿಎನ್‌ಪಿ ಆಗಿರಬಹುದು. ಕೇಳದೆ ಗೊತ್ತಾಗದು.

ಈ ರಾಜ್ಯದಲ್ಲಿ ಕೇಳುವ ಅಗತ್ಯ ಬಿದ್ದದ್ದು ಶಾಸಕಾಂಗದ ಒಂದು ಸಮಿತಿಯಿಂದ. ಗ್ರಾಮೀಣ ಭಾಗದಲ್ಲಿ ಕೆಲಸ ಮಾಡುವ ಡಾಕ್ಟರೇಟ್ ಎನ್‌ಪಿಗಳ ಶಿಕ್ಷಣ ಸಾಲವನ್ನು ಸರ್ಕಾರವೇ ತೀರಿಸುವ ಯೋಜನೆಯೊಂದು ಸಮಿತಿಯ ಮುಂದಿತ್ತು. ಸಮಿತಿ ರಾಜ್ಯದ ನರ್ಸಿಂಗ್ ಮಾನವ ಸಂಪನ್ಮೂಲ ಕೇಂದ್ರಕ್ಕೆ (ಮುಂದೆ ‘ಕೇಂದ್ರ’ ಎಂದರೆ ಇದೇ) ಒಂದೇ ಸಾಲಿನ ಪತ್ರ ಬರೆಯಿತು: ನಮ್ಮಲ್ಲಿ ಇಂಥವರು ಎಷ್ಟು ಜನ, ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ?

ಸಮಸ್ಯೆ

ಕೈಗೆಟುಕುವ ಮೂಲಗಳು ಬೇಕಾದಷ್ಟಿದ್ದವು. ಒಂದೊಂದರಲ್ಲೂ ಒಂದೊಂದು ಕಿಟಕಿ ಮುಚ್ಚಿತ್ತು.

ಅಮೆರಿಕದ ಒಕ್ಕೂಟ ಸರ್ಕಾರದ ಉದ್ಯೋಗ ವರ್ಗೀಕರಣದಲ್ಲಿ ಎನ್‌ಪಿಗಳಿಗೆ ಪ್ರತ್ಯೇಕ ಸಂಕೇತ, 29-1171, ಸಿಕ್ಕಿದ್ದೇ 2010ರ ಪರಿಷ್ಕರಣೆಯಲ್ಲಿ. ಅದಕ್ಕೂ ಮೊದಲು ಅವರೂ ಸಾಮಾನ್ಯ ನರ್ಸುಗಳ ರಾಶಿಯಲ್ಲೇ ಸೇರಿದ್ದರು. ಸಂಕೇತ ಬಂದ ಮೇಲೂ, ಅದನ್ನು ಬಳಸುವ ಸರ್ಕಾರಿ ವೇತನ ಸಮೀಕ್ಷೆ ಉದ್ಯೋಗದಾತರನ್ನು ಕೇಳುವುದು ಹುದ್ದೆ ಮತ್ತು ಸಂಬಳ ಮಾತ್ರ, ಯಾರು ಏನು ಓದಿದ್ದಾರೆಂದು ಕೇಳುವುದಿಲ್ಲ. 1977ರಿಂದ ನಡೆಯುತ್ತಿರುವ ರಿಜಿಸ್ಟರ್ಡ್ ನರ್ಸುಗಳ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಓದಿನ ಪ್ರಶ್ನೆ ಚೆನ್ನಾಗಿಯೇ ಇದೆ. ಆದರೆ ಒಂದು ರಾಜ್ಯ, ಅದರಲ್ಲಿ ಎನ್‌ಪಿಗಳು, ಅವರಲ್ಲಿ ಡಿಎನ್‌ಪಿಗಳು, ಅವರಲ್ಲೂ ಗ್ರಾಮೀಣದವರು ಎಂದು ಸೋಸುತ್ತಾ ಹೋದರೆ ಮಾದರಿಯಲ್ಲಿ ಉಳಿಯುವವರು ಬೆರಳೆಣಿಕೆಯಷ್ಟು.

ಮುಖ್ಯವಾಗಿ 65 ದಾಟಿದವರಿಗಿರುವ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನ ಬಿಲ್ಲುಗಳಿಂದ ತೆಗೆಯಬಹುದಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಎನ್‌ಪಿ ತನ್ನ ಹೆಸರಲ್ಲಿ ಬಿಲ್ ಮಾಡಿದರೆ ಮೆಡಿಕೇರ್ ವೈದ್ಯರ ದರದ ಶೇ 85 ಕೊಡುತ್ತದೆ. ನಿಗದಿತ ಷರತ್ತುಗಳಡಿ ವೈದ್ಯರ ಹೆಸರಲ್ಲೇ ಬಿಲ್ ಮಾಡಿದರೆ ಪೂರಾ ಶೇ 100. ಹೀಗಿರುವಾಗ ಎಷ್ಟೋ ಎನ್‌ಪಿಗಳ ಕೆಲಸ ಬಿಲ್ಲಿನಲ್ಲಿ ವೈದ್ಯರ ಹೆಸರಿನ ಹಿಂದೆ ಅಡಗಿರುತ್ತದೆ. ಬಿಲ್ಲಿನಲ್ಲಿ ಪದವಿಯ ಕಾಲಂ ಅಂತೂ ಇಲ್ಲವೇ ಇಲ್ಲ.

ಉಳಿದದ್ದು ಮಂಡಳಿಯ ಲೈಸೆನ್ಸ್ ಕಡತ. ಯಾರಿಗೆ ಲೈಸೆನ್ಸ್ ಇದೆ ಎಂಬುದಕ್ಕೆ ಅದಕ್ಕಿಂತ ಪೂರ್ಣವಾದ ಪಟ್ಟಿ ಇನ್ನೊಂದಿಲ್ಲ. ಆದರೆ ಅದರಲ್ಲಿರುವುದು ಲೈಸೆನ್ಸ್ ಪಡೆಯುವ ದಿನ ಸಲ್ಲಿಸಿದ ಅಂಕಪಟ್ಟಿ. ಹತ್ತು ವರ್ಷ ಕೆಲಸ ಮಾಡಿ ಆ ಮೇಲೆ ಆನ್‌ಲೈನ್‌ನಲ್ಲಿ ಡಿಎನ್‌ಪಿ ಮುಗಿಸಿದವರು ಅದನ್ನು ಮಂಡಳಿಗೆ ತಿಳಿಸಬೇಕಾದ ಯಾವ ನಿಯಮವೂ ಇಲ್ಲ. ನಮ್ಮ ರಾಜ್ಯಗಳ ನರ್ಸಿಂಗ್ ಪರಿಷತ್ತುಗಳಲ್ಲಿ ಹೆಚ್ಚುವರಿ ವಿದ್ಯಾರ್ಹತೆಯನ್ನು ನೋಂದಾಯಿಸುವ ದಾರಿಯಾದರೂ ಇದೆ. ಇಲ್ಲಿ ಅದೂ ಇರಲಿಲ್ಲ.

ಮೊದಲ ಯತ್ನಗಳು

ಕೇಂದ್ರ ಮೊದಲು ಹಿಡಿದದ್ದು ಸುಲಭದ ದಾರಿಯನ್ನು: ಎನ್‌ಪಿಗಳಿಗೆಲ್ಲ ಇಮೇಲ್ ಮಾಡಿ, ಪ್ರತ್ಯೇಕ ಪ್ರಶ್ನಾವಳಿಯ ಲಿಂಕ್ ಕಳಿಸುವುದು. ಉತ್ತರ ಕಡಿಮೆ ಬಂದದ್ದು ಅಷ್ಟು ದೊಡ್ಡ ತೊಂದರೆಯಲ್ಲ, ಯಾರು ಉತ್ತರಿಸಿದರು ಎಂಬುದು ತೊಂದರೆ. ವಿಷಯದ ಸಾಲಿನಲ್ಲೇ ‘ಡಾಕ್ಟರೇಟ್’ ಎಂದಿತ್ತು. ಡಾಕ್ಟರೇಟ್ ಇದ್ದವರು ಉತ್ಸಾಹದಿಂದ ತುಂಬಿದರು, ಇಲ್ಲದವರು ತಮಗಲ್ಲವೆಂದು ಅಳಿಸಿದರು. ವಯಸ್ಸು, ಜಿಲ್ಲೆ ನೋಡಿ ತೂಕ ಸರಿಪಡಿಸಿದರೂ ಈ ಓರೆ ಹೋಗುವುದಿಲ್ಲ. ಏಕೆಂದರೆ ಉತ್ತರಿಸುವ ಮನಸ್ಸಿಗೆ ಕಾರಣವಾದದ್ದೇ ನಾವು ಅಳೆಯಹೊರಟ ಗುಣ. ಶೇಕಡಾವಾರು ಚೆಂದವಾಗಿ ಕಂಡಿತು. ಅದನ್ನು ಸಮಿತಿಗೆ ಕೊಡದೆ ತಡೆಹಿಡಿದದ್ದು ಒಳ್ಳೆಯ ನಿರ್ಧಾರ.

ಎರಡನೆಯದು, ಪ್ರತಿ ಚಿಕಿತ್ಸಕರಿಗೂ ಇರುವ 10 ಅಂಕಿಯ ರಾಷ್ಟ್ರೀಯ ಗುರುತು ಸಂಖ್ಯೆ, ಎನ್‌ಪಿಐ. ಇದರ ಪೂರ್ತಿ ಕಡತವನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. 363ಎಲ್ ಎಂದು ಶುರುವಾಗುವ ಸಂಕೇತ ಹುಡುಕಿದರೆ ಎನ್‌ಪಿಗಳು ಸಿಗುತ್ತಾರೆ. ಹೆಸರಿನ ಪಕ್ಕ ಪದವಿ ಬರೆಯುವ ಒಂದು ಖಾಲಿ ಜಾಗವೂ ಇದೆ. ಅಲ್ಲಿ ಯಾರು ಏನು ಬೇಕಾದರೂ ಬರೆಯಬಹುದು: ‘ಡಿಎನ್‌ಪಿ’, ಚುಕ್ಕಿ ಹಾಕಿದ ‘ಡಿ.ಎನ್.ಪಿ.’, ‘ಎಫ್‌ಎನ್‌ಪಿ-ಬಿಸಿ’, ‘ಎನ್‌ಪಿ’, ಕೆಲವರದು ಬರೀ ‘ಡಾ’. ಅಕ್ಷರಗಳ ಈ ಗೊಂದಲವನ್ನು ಒಂದು ಪ್ರೋಗ್ರಾಂ ಬರೆದು ಬಗೆಹರಿಸಬಹುದು. ಬಗೆಹರಿಸಲಾಗದ್ದು ಕಾಲದ ಗೊಂದಲ. ಬಹುತೇಕರು ಈ ಸಂಖ್ಯೆ ಪಡೆಯುವುದು ಮೊದಲ ಕೆಲಸಕ್ಕೆ ಸೇರುವ ಹೊತ್ತಿಗೆ. ಬದಲಾವಣೆಯಾದರೆ 30 ದಿನದೊಳಗೆ ತಿಳಿಸಬೇಕೆಂಬ ನಿಯಮವಿದ್ದರೂ ಪದವಿಗಾಗಿ ಮತ್ತೆ ಲಾಗಿನ್ ಆಗುವವರು ಕಡಿಮೆ. ಹಾಗಾಗಿ ಈ ಕಡತದಲ್ಲಿ ನೇರವಾಗಿ ಡಿಎನ್‌ಪಿ ಓದಿ ಬಂದ ಹೊಸಬರು ಕಾಣುತ್ತಾರೆ, ಮಾಸ್ಟರ್ಸ್ ನಂತರ ಡಿಎನ್‌ಪಿ ಮಾಡಿದ ಹಳಬರು ಕಾಣುವುದಿಲ್ಲ.

ಇಮೇಲ್ ಸಮೀಕ್ಷೆಯ ಅಂಕಿ ಹೆಚ್ಚು, ಎನ್‌ಪಿಐ ಅಂಕಿ ಕಡಿಮೆ. ನಡುವಿನದನ್ನು ಕೊಟ್ಟುಬಿಡೋಣ ಎಂಬ ಸಲಹೆಯೂ ಬಂತು. ಕೇಂದ್ರ ಒಪ್ಪಲಿಲ್ಲ. ಎರಡು ತಪ್ಪುಗಳ ಸರಾಸರಿ ಸರಿಯಾಗಬೇಕಾದರೆ ಅವು ಸಮಪ್ರಮಾಣದಲ್ಲಿ ಎದುರುಬದುರಾಗಿ ತಪ್ಪಿರಬೇಕು. ಹಾಗಿದೆ ಎನ್ನಲು ಆಧಾರವೇ ಇರಲಿಲ್ಲ.

ನವೀಕರಣ ಅರ್ಜಿಯೊಳಗೆ

ಮುಂದಿನ ಯತ್ನ ಲೈಸೆನ್ಸ್ ನವೀಕರಣ ಅರ್ಜಿಯದು. ಎರಡು ವರ್ಷಕ್ಕೊಮ್ಮೆ ಪ್ರತಿಯೊಬ್ಬರೂ ತುಂಬಲೇಬೇಕಾದ ಈ ಅರ್ಜಿಯಲ್ಲಿ ಓದಿನ ಬಗ್ಗೆ ಒಂದು ಪ್ರಶ್ನೆ ಮೊದಲೇ ಇತ್ತು: ‘ನಿಮ್ಮ ಅತ್ಯುನ್ನತ ಪದವಿ ಯಾವುದು?’ ಡಿಪ್ಲೊಮಾ, ಅಸೋಸಿಯೇಟ್, ಬ್ಯಾಚುಲರ್ಸ್, ಮಾಸ್ಟರ್ಸ್, ಡಾಕ್ಟರೇಟ್, ಇತರೆ. ಇಷ್ಟೇ.

ಈ ಒಂದು ಪ್ರಶ್ನೆ ಎಷ್ಟು ಬಗೆಯಲ್ಲಿ ಕೆಡಬಹುದು ಎಂಬುದು ಈ ಪ್ರಕರಣದ ತಿರುಳು, ಆದ್ದರಿಂದ ಬಿಡಿಸಿ ಹೇಳಬೇಕು.

‘ಡಾಕ್ಟರೇಟ್’ ಎಂಬ ಒಂದೇ ಗೂಡಿನಲ್ಲಿ ಡಿಎನ್‌ಪಿ, ನರ್ಸಿಂಗ್ ಪಿಎಚ್‌ಡಿ, ಶಿಕ್ಷಣಶಾಸ್ತ್ರದ ಇಡಿಡಿ, ಹಳೆಯ ಡಿಎನ್‌ಎಸ್‌ಸಿ (ಡಾಕ್ಟರ್ ಆಫ್ ನರ್ಸಿಂಗ್ ಸೈನ್ಸ್) ಎಲ್ಲ ಸೇರಿದ್ದವು. ಪಿಎಚ್‌ಡಿ ಸಂಶೋಧನೆಯ ಪದವಿ, ಡಿಎನ್‌ಪಿ ವೃತ್ತಿಯ ಪದವಿ. 2010ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ನರ್ಸಿಂಗ್‌ನ ಭವಿಷ್ಯದ ಬಗೆಗಿನ ವರದಿಯಲ್ಲಿ 2020ರೊಳಗೆ ಡಾಕ್ಟರೇಟ್ ಪಡೆದ ನರ್ಸುಗಳ ಸಂಖ್ಯೆ ಎರಡು ಪಟ್ಟಾಗಬೇಕೆಂದಿತು. ಆ ಗುರಿ ಅವಧಿಗೆ ಮೊದಲೇ ಮುಟ್ಟಿತು, ಬಹುಪಾಲು ಡಿಎನ್‌ಪಿಗಳಿಂದ. ಪಿಎಚ್‌ಡಿ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಎರಡನ್ನೂ ಒಂದೇ ಗೂಡಿಗೆ ಹಾಕಿದರೆ ಹೀಗೆ ಸಂಶೋಧಕರ ಕೊರತೆಯೂ ಯಶಸ್ಸಿನಂತೆ ಕಾಣುತ್ತದೆ.

‘ಅತ್ಯುನ್ನತ’ ಎಂದಾಗ ಒಂದನ್ನೇ ಆರಿಸಬೇಕು. ಡಿಎನ್‌ಪಿ, ಪಿಎಚ್‌ಡಿ ಎರಡೂ ಇದ್ದವರು ಏನು ಮಾಡಬೇಕು? ನರ್ಸಿಂಗ್‌ನಲ್ಲಿ ಮಾಸ್ಟರ್ಸ್ ಇದ್ದು ಬೇರೆ ವಿಷಯದಲ್ಲಿ ಡಾಕ್ಟರೇಟ್ ಇದ್ದವರು? ಇನ್ನು ಓದುತ್ತಲೇ ಇರುವವರು. ಕೊನೆಯ ಸೆಮಿಸ್ಟರಿನಲ್ಲಿ ಇರುವವರಲ್ಲಿ ಕೆಲವರು ಡಾಕ್ಟರೇಟ್ ಎಂದೇ ಗುರುತು ಹಾಕುತ್ತಾರೆ, ಅದರಲ್ಲಿ ಮೋಸವೇನೂ ಇಲ್ಲ, ಪ್ರಶ್ನೆ ಪದವಿ ಕೈಗೆ ಬಂದಿದೆಯೇ ಎಂದು ಕೇಳಿರಲಿಲ್ಲ.

‘ಎನ್‌ಡಿ’ ಎಂಬ ಎರಡಕ್ಷರ ಇನ್ನೊಂದು ಕಗ್ಗಂಟು. 1979ರಲ್ಲಿ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯ ಶುರು ಮಾಡಿದ ‘ಡಾಕ್ಟರ್ ಆಫ್ ನರ್ಸಿಂಗ್’ ಪದವಿಗೂ ಅದೇ ಸಂಕ್ಷೇಪ, ಪ್ರಕೃತಿ ಚಿಕಿತ್ಸೆಯ ಪದವಿಗೂ ಅದೇ. ‘ಇತರೆ’ ಎಂಬಲ್ಲಿ ಎನ್‌ಡಿ ಎಂದು ಬರೆದ ಉತ್ತರವನ್ನು ಪಾಸಾದ ವರ್ಷ ಮತ್ತು ಕಾಲೇಜು ಗೊತ್ತಿಲ್ಲದೆ ಯಾವ ಗೂಡಿಗೂ ಹಾಕುವಂತಿಲ್ಲ.

ಎಲ್ಲಕ್ಕಿಂತ ದೊಡ್ಡದು: ಡಿಎನ್‌ಪಿ ಹೊಂದಿದ ಎನ್‌ಪಿ ಎಂದರೆ ಒಂದು ಬಗೆಯಲ್ಲ, ಎರಡು. ಬ್ಯಾಚುಲರ್ಸ್‌ನಿಂದ ನೇರವಾಗಿ ಡಿಎನ್‌ಪಿಗೆ ಸೇರಿ, ಅದರಿಂದಲೇ ಎನ್‌ಪಿ ಆದವರು ಒಂದು. ಮಾಸ್ಟರ್ಸ್‌ನಿಂದ ಎನ್‌ಪಿ ಆಗಿ, ವರ್ಷಗಟ್ಟಲೆ ಕೆಲಸ ಮಾಡಿ, ಆ ಮೇಲೆ ಡಿಎನ್‌ಪಿ ಸೇರಿಸಿಕೊಂಡವರು ಇನ್ನೊಂದು. ಎರಡನೆಯವರ ಡಿಎನ್‌ಪಿ ಎಷ್ಟೋ ಸಲ ಆಡಳಿತ ಅಥವಾ ನಾಯಕತ್ವದ ವಿಷಯದ್ದು, ರೋಗಿಯ ಚಿಕಿತ್ಸೆಗೆ ನೇರ ಸಂಬಂಧದ್ದಲ್ಲ. ‘ಡಿಎನ್‌ಪಿ ಓದಿದರೆ ಚಿಕಿತ್ಸೆ ಸುಧಾರಿಸುತ್ತದೆಯೇ’ ಎಂಬ ಚರ್ಚೆಯಲ್ಲಿ ಈ ಇಬ್ಬರನ್ನೂ ಕಲಸಿದರೆ, ಹಳಬರ ಅನುಭವದ ಫಲ ಪದವಿಯ ಖಾತೆಗೆ ಜಮೆಯಾಗುತ್ತದೆ.

ರಾಜ್ಯಗಳ ನರ್ಸಿಂಗ್ ಮಾನವ ಸಂಪನ್ಮೂಲ ಕೇಂದ್ರಗಳ ರಾಷ್ಟ್ರೀಯ ವೇದಿಕೆ ಸಿದ್ಧಪಡಿಸಿರುವ ‘ಕನಿಷ್ಠ ದತ್ತಾಂಶ ಸಂಚಯ’ ಎಲ್ಲ ರಾಜ್ಯಗಳೂ ಒಂದೇ ರೀತಿ ಕೇಳಲೆಂದೇ ಇರುವುದು. ಕೇಂದ್ರ ಅದನ್ನು ತಳಹದಿಯಾಗಿ ಇಟ್ಟುಕೊಂಡಿತು. ಅದರ ಪದಗಳನ್ನು ಎಲ್ಲೂ ಬದಲಿಸಬಾರದು, ಬೇಕಾದ್ದನ್ನು ಕೊನೆಗೆ ಸೇರಿಸಬಹುದು ಎಂದು ಮೊದಲೇ ತೀರ್ಮಾನಿಸಿತು. ‘ನಮ್ಮ ರಾಜ್ಯಕ್ಕೆ ಇದು ಹೀಗಿದ್ದರೆ ಚೆನ್ನ’ ಎಂದು ಒಂದು ಪದ ತಿದ್ದಿದರೂ ನೆರೆರಾಜ್ಯದೊಡನೆ ಹೋಲಿಸುವುದು ಅಲ್ಲಿಗೇ ಮುಗಿಯುತ್ತದೆ.

ಒಂದು ಪ್ರಶ್ನೆ ಒಡೆದು ಹಲವಾದದ್ದು

ಸೇರಿಸಿದ ಪ್ರಶ್ನೆಗಳು ಕೊನೆಗೆ ನಿಂತ ರೂಪ ಹೀಗೆ.

‘ನೀವು ಮೊದಲ ಸಲ ಎನ್‌ಪಿ ಅರ್ಹತೆ ಪಡೆದದ್ದು ಯಾವ ಕೋರ್ಸಿನಿಂದ?’ ಆಯ್ಕೆಗಳು: ಪದವಿಯಲ್ಲದ ಸರ್ಟಿಫಿಕೇಟ್, ಮಾಸ್ಟರ್ಸ್, ಮಾಸ್ಟರ್ಸ್ ನಂತರದ ಸರ್ಟಿಫಿಕೇಟ್, ಡಿಎನ್‌ಪಿ, ಬೇರೆ ಡಾಕ್ಟರೇಟ್.

‘ಇಂದಿನವರೆಗೆ ನಿಮಗೆ ಪ್ರದಾನವಾಗಿರುವ ಡಾಕ್ಟರೇಟ್‌ಗಳು ಯಾವುವು? ಅನ್ವಯಿಸುವ ಎಲ್ಲವನ್ನೂ ಗುರುತಿಸಿ.’ ಪ್ರತಿಯೊಂದಕ್ಕೂ ಪ್ರದಾನವಾದ ವರ್ಷ ನಾಲ್ಕು ಅಂಕಿಯಲ್ಲಿ, ಮತ್ತು ರಾಜ್ಯ ಅಥವಾ ದೇಶ. ದೇಶದ ಕಾಲಂ ಬಿಡಬಾರದು. ಕರ್ನಾಟಕ, ಕೇರಳದಿಂದ ಎಂ.ಎಸ್ಸಿ. ನರ್ಸಿಂಗ್ ಅಥವಾ ಪಿಎಚ್‌ಡಿ ಮಾಡಿಕೊಂಡು ಹೋಗಿ ಅಲ್ಲಿ ಎನ್‌ಪಿ ಆದವರಿದ್ದಾರೆ. ಅವರ ಭಾರತದ ಎಂ.ಎಸ್ಸಿ. ಎನ್‌ಪಿ ಅರ್ಹತೆಯ ಪದವಿಯಲ್ಲ, ಮೊದಲ ಪ್ರಶ್ನೆ ಪ್ರತ್ಯೇಕವಾಗಿ ಇಲ್ಲದಿದ್ದರೆ ಎರಡೂ ಒಂದೇ ಎಂದು ಓದಿಕೊಳ್ಳುವ ಅಪಾಯವಿದೆ.

ಡಿಎನ್‌ಪಿ ಎಂದವರಿಗೆ ಮಾತ್ರ ಮುಂದಿನ ಪ್ರಶ್ನೆ ತೆರೆಯುತ್ತದೆ: ಕೋರ್ಸಿನ ಮುಖ್ಯ ವಿಷಯ ನೇರ ಚಿಕಿತ್ಸೆಯೇ, ಆಡಳಿತವೇ, ಬೋಧನೆಯೇ, ಆರೋಗ್ಯ ನೀತಿಯೇ, ಮಾಹಿತಿ ತಂತ್ರಜ್ಞಾನವೇ. ‘ಈಗ ಯಾವುದಾದರೂ ಪದವಿಗೆ ಓದುತ್ತಿದ್ದೀರಾ’ ಎಂಬುದು ಬೇರೆಯೇ ಪ್ರಶ್ನೆ. ಅದು ಇಲ್ಲದಿದ್ದರೆ ಓದುತ್ತಿರುವವರು ತಮ್ಮ ಶ್ರಮವನ್ನು ಹೇಳಿಕೊಳ್ಳಲು ಜಾಗ ಸಿಗದೆ ಮೇಲಿನ ಪ್ರಶ್ನೆಯಲ್ಲೇ ಗುರುತು ಹಾಕುತ್ತಾರೆ.

ಕೆಲಸದ ಬಗ್ಗೆ: ಮುಖ್ಯ ಕೆಲಸ, ಎರಡನೆಯ ಕೆಲಸ, ಎರಡಕ್ಕೂ ಕೆಲಸದ ಜಾಗದ ಜಿಪ್ ಸಂಖ್ಯೆ (ಅಲ್ಲಿನ ಪಿನ್ ಕೋಡ್), ವಾರದ ಗಂಟೆಗಳು, ಆ ಗಂಟೆಗಳಲ್ಲಿ ಚಿಕಿತ್ಸೆ, ಬೋಧನೆ, ಆಡಳಿತ, ಸಂಶೋಧನೆ ಎಷ್ಟೆಷ್ಟು, ಮತ್ತು ಆ ಹುದ್ದೆಗೆ ಎನ್‌ಪಿ ಲೈಸೆನ್ಸ್ ಬೇಕೇ. ಕೊನೆಯದು ಏಕೆಂದರೆ, ಎನ್‌ಪಿ ಲೈಸೆನ್ಸ್ ಇಟ್ಟುಕೊಂಡು ವಾರ್ಡಿನಲ್ಲಿ ಸಾಮಾನ್ಯ ನರ್ಸ್ ಆಗಿ ದುಡಿಯುವವರೂ, ಕಾಲೇಜಿನಲ್ಲಿ ಪೂರ್ಣಾವಧಿ ಪಾಠ ಮಾಡುವವರೂ ಇದ್ದಾರೆ.

ಪ್ರಶ್ನೆಗಳನ್ನು ಅರ್ಜಿಗೆ ಏರಿಸುವ ಮುನ್ನ ಕೆಲವು ಎನ್‌ಪಿಗಳನ್ನು ಕೂರಿಸಿ, ಉತ್ತರಿಸುತ್ತಾ ಮನಸ್ಸಿನಲ್ಲಿ ಬಂದದ್ದನ್ನು ಜೋರಾಗಿ ಹೇಳಿ ಎಂದು ಕೇಳಲಾಯಿತು. ‘ಪೂರ್ಣಾವಧಿ’ ಎಂಬ ಪದ ಅಲ್ಲೇ ಬಿದ್ದುಹೋಯಿತು. ಆಸ್ಪತ್ರೆಯವರಿಗೆ 12 ಗಂಟೆಯ ಮೂರು ಪಾಳಿ, ಅಂದರೆ 36 ಗಂಟೆ ಪೂರ್ಣಾವಧಿ, ಕ್ಲಿನಿಕ್ಕಿನವರಿಗೆ 40. ಹಾಗಾಗಿ ಗಂಟೆ ಮಾತ್ರ ಕೇಳಿ, ಪೂರ್ಣಾವಧಿಗೆ ಪರಿವರ್ತಿಸುವ ಲೆಕ್ಕವನ್ನು ಆಮೇಲೆ, ಯಾವ ಸಂಖ್ಯೆಯಿಂದ ಭಾಗಿಸಿದ್ದೆಂದು ಬರೆದಿಟ್ಟು ಮಾಡಲಾಯಿತು. ‘ಮುಖ್ಯ ಕೆಲಸ’ ಎಂದರೆ ಹೆಚ್ಚು ಸಂಬಳದ್ದೋ ಹೆಚ್ಚು ಗಂಟೆಯದ್ದೋ ಎಂಬ ಗೊಂದಲವೂ ಅಲ್ಲೇ ಕಂಡಿತು. ಹೆಚ್ಚು ಗಂಟೆಯದ್ದು ಎಂದು ಪ್ರಶ್ನೆಯೊಳಗೇ ಬರೆದರು. ವಿದ್ಯಾರ್ಥಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ರೋಗಿ ನೋಡುವ ಹೊತ್ತು ಚಿಕಿತ್ಸೆಯೋ ಬೋಧನೆಯೋ ಎಂಬುದಕ್ಕೆ ಒಮ್ಮತ ಬರಲಿಲ್ಲ, ಚಿಕಿತ್ಸೆ ಎಂದು ನಿಗದಿ ಮಾಡಿ ಸೂಚನೆಯಲ್ಲಿ ಹಾಕಿದರು.

ಯಾವುದನ್ನು ಕೇಳಬಾರದು ಎಂಬುದೂ ಅಷ್ಟೇ ಮುಖ್ಯ. ಕುಟುಂಬ, ಮಕ್ಕಳು, ಮನೋರೋಗ ಮುಂತಾದ ಆರು ರೋಗಿ ಸಮುದಾಯಗಳ ವಿಂಗಡಣೆ 2008ರ ಒಮ್ಮತದ ಮಾದರಿಯಂತೆ ಲೈಸೆನ್ಸಿನಲ್ಲೇ ದಾಖಲಾಗಿತ್ತು. ಅದನ್ನು ಮತ್ತೆ ಕೇಳಿದರೆ ಲೈಸೆನ್ಸಿಗೂ ಉತ್ತರಕ್ಕೂ ತಾಳೆಯಾಗದೆ ಇನ್ನೊಂದು ತಲೆನೋವು. ಕಡತದಿಂದಲೇ ಎತ್ತಿಕೊಂಡರು.

ಮಂಡಳಿಯ ವಕೀಲರು, ಮತ್ತು ಸಾಫ್ಟ್‌ವೇರ್

ಲೈಸೆನ್ಸಿಗೆ ಬೇಡವಾದ ಪ್ರಶ್ನೆಗೆ ಉತ್ತರಿಸದಿದ್ದರೆ ನವೀಕರಣ ತಡೆಯುವ ಅಧಿಕಾರ ಮಂಡಳಿಗಿದೆಯೇ? ವಕೀಲರ ಉತ್ತರ: ನಿಯಮ ತಿದ್ದದೆ ಇಲ್ಲ. ನಿಯಮ ತಿದ್ದಲು ಕೂತರೆ ಒಂದು ನವೀಕರಣದ ಸುತ್ತು ಕೈತಪ್ಪುತ್ತದೆ. ರಾಜಿಯಾದದ್ದು ಹೀಗೆ: ಪುಟ ದಾಟಲು ಪ್ರತಿ ಪ್ರಶ್ನೆಗೂ ಏನಾದರೂ ಒಂದನ್ನು ಆರಿಸಲೇಬೇಕು, ಆದರೆ ‘ಹೇಳಲು ಇಷ್ಟವಿಲ್ಲ’ ಎಂಬುದೂ ಒಂದು ಆಯ್ಕೆ. ಬೇಡ ಎನ್ನುವುದಕ್ಕೂ ಒಂದು ಕ್ಲಿಕ್ ಬೇಕಾದಾಗ, ಬಹುಪಾಲು ಜನ ಉತ್ತರವನ್ನೇ ಕ್ಲಿಕ್ ಮಾಡಿದರು.

ಉತ್ತರಗಳು ಶಿಸ್ತುಕ್ರಮದ ಕಡತಕ್ಕೆ ಹೋಗುವುದಿಲ್ಲ ಎಂಬ ಸಾಲು ಪುಟದ ಮೇಲ್ಭಾಗದಲ್ಲಿ ಬೇಕೆಂದು ಎನ್‌ಪಿಗಳ ಸಂಘಟನೆ ಪಟ್ಟು ಹಿಡಿಯಿತು. ಅದರಲ್ಲಿ ಅರ್ಥವಿದೆ. ಚಿಕಿತ್ಸೆಯ ಜಾಗದಲ್ಲಿ ವೈದ್ಯರಲ್ಲದವರು ‘ಡಾಕ್ಟರ್’ ಎಂದು ಕರೆದುಕೊಳ್ಳುವುದನ್ನು ಕೆಲವು ರಾಜ್ಯಗಳ ಕಾನೂನು ನಿರ್ಬಂಧಿಸುತ್ತದೆ. ಲೈಸೆನ್ಸ್ ಕೊಡುವ ಮಂಡಳಿಯೇ ‘ನಿಮಗೆ ಡಾಕ್ಟರೇಟ್ ಇದೆಯೇ’ ಎಂದು ಕೇಳಿದರೆ ಅನುಮಾನ ಬಾರದಿರುತ್ತದೆಯೇ?

ಸಾಫ್ಟ್‌ವೇರ್ ಕಡೆಯಿಂದ ಬಂದ ಪೆಟ್ಟುಗಳು ಸಣ್ಣವು, ಆದರೆ ಸರಿಪಡಿಸಲು ಹೆಚ್ಚು ಸಮಯ ತಿಂದದ್ದು ಅವೇ. ಡ್ರಾಪ್‌ಡೌನ್ ಪಟ್ಟಿ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿತ್ತು, ಮೊದಲ ಆಯ್ಕೆ ತಾನಾಗಿ ಆರಿಸಲ್ಪಟ್ಟಿರುತ್ತಿತ್ತು. ಫಲವಾಗಿ ಎರಡು ವರ್ಷದ ಅಸೋಸಿಯೇಟ್ ಪದವಿಯೇ ಅತ್ಯುನ್ನತ ಎನ್ನುವ ಎನ್‌ಪಿಗಳು ಕಂಡುಬಂದರು. ಇಂಥ ಉತ್ತರ ಬಂದರೆ ಅರ್ಜಿಯೇ ಮುಂದೆ ಹೋಗದಂತೆ ತಡೆಯೋಣ ಎಂದು ಕಂಪನಿ ಸೂಚಿಸಿತು. ಕೇಂದ್ರ ಬೇಡವೆಂದಿತು. ಸರ್ಟಿಫಿಕೇಟ್ ಕಾಲದಲ್ಲಿ ಎನ್‌ಪಿ ಆದ ಹಿರಿಯರಲ್ಲಿ ಮಾಸ್ಟರ್ಸ್ ಇಲ್ಲದವರು ನಿಜಕ್ಕೂ ಇದ್ದಾರೆ. ತಡೆದರೆ ಅವರು ಸುಳ್ಳು ಹೇಳಿಯೇ ಮುಂದೆ ಹೋಗಬೇಕಾಗುತ್ತದೆ. ಮೊದಲ ಜಾಗವನ್ನು ಖಾಲಿ ಬಿಟ್ಟು, ವಿಚಿತ್ರ ಉತ್ತರ ಬಂದಾಗ ‘ಇದು ಸರಿಯೇ?’ ಎಂದು ಒಮ್ಮೆ ಕೇಳಿ ಬಿಟ್ಟುಬಿಡುವ ವ್ಯವಸ್ಥೆ ಮಾಡಿದರು.

ಇನ್ನೊಂದು: ವ್ಯವಸ್ಥೆ ಉತ್ತರವನ್ನು ಅಂಕಿ ಸಂಕೇತವಾಗಿ ಇಡದೆ ಅಕ್ಷರಗಳಲ್ಲೇ ಉಳಿಸುತ್ತಿತ್ತು. ಸುತ್ತಿನ ನಡುವೆ ಯಾರೋ ಒಂದು ಆಯ್ಕೆಯ ಅಡ್ಡಗೆರೆ ತಿದ್ದಿದರು, ಒಂದೇ ಪದವಿ ಕೋಷ್ಟಕದಲ್ಲಿ ಎರಡಾಯಿತು. ಆಗ ಪ್ರತಿ ಆಯ್ಕೆಗೂ ಸಂಖ್ಯೆ ಕೊಟ್ಟು, ಆಯ್ಕೆಯನ್ನು ತೆಗೆದುಹಾಕಿದರೂ ಅದರ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಡಬಾರದೆಂದು ನಿಯಮ ಮಾಡಿದರು.

ಒಬ್ಬರಿಗೆ ಎರಡು ಲೈಸೆನ್ಸ್ ಇರುವುದರಿಂದ ಎರಡು ನವೀಕರಣ, ಎರಡು ಸಲ ಉತ್ತರ. ಎರಡೂ ಒಂದೇ ಇರುತ್ತವೆಂಬ ಭರವಸೆಯಿಲ್ಲ. ಪ್ರಶ್ನಾವಳಿಯನ್ನು ಲೈಸೆನ್ಸಿನಿಂದ ಬಿಡಿಸಿ ವ್ಯಕ್ತಿಗೆ ಜೋಡಿಸಿದ ಮೇಲೆ ಇದು ತೀರಿತು: ಒಮ್ಮೆ ಉತ್ತರಿಸಿದರೆ ಇನ್ನೊಂದು ನವೀಕರಣದಲ್ಲಿ ಆ ಪುಟ ಬರುವುದಿಲ್ಲ. ಎನ್‌ಪಿ ಜೊತೆಗೆ ಸೂಲಗಿತ್ತಿ ನರ್ಸ್ ಲೈಸೆನ್ಸೂ ಇದ್ದವರನ್ನು ಒಬ್ಬ ವ್ಯಕ್ತಿ, ಎರಡು ಪಾತ್ರ ಎಂದು ಎಣಿಸಿದರು. ಭಾರತದಲ್ಲೂ ಈಗ ನರ್ಸುಗಳಿಗೆ ರಾಷ್ಟ್ರವ್ಯಾಪಿ ಒಂದೇ ಗುರುತು ಸಂಖ್ಯೆ ಕೊಡುವ ನೋಂದಣಿ ವ್ಯವಸ್ಥೆ ಇದೆ. ರಾಜ್ಯ ಬದಲಿಸುವ ನರ್ಸನ್ನು ಎರಡು ಸಲ ಎಣಿಸದಿರಲು ಅಂಥದ್ದೊಂದು ಬೇಕೇ ಬೇಕು.

ಅರ್ಧಕ್ಕೆ ಬಂದಾಗ ಕಂಡ ಕೊರತೆ

ಸುತ್ತಿನ ಮೊದಲ ವರ್ಷ ಮುಗಿದು, ಅರ್ಧದಷ್ಟು ಲೈಸೆನ್ಸುಗಳ ಉತ್ತರ ಬಂದಾಗ ನೇರವಾಗಿ ಡಿಎನ್‌ಪಿಯಿಂದ ಬಂದವರು ತೀರಾ ಕಡಿಮೆ ಕಂಡರು. ರಾಜ್ಯದ ಕಾಲೇಜುಗಳಿಂದ ಅಂಥವರು ಹೊರಬರುತ್ತಿರುವುದು ಎಲ್ಲರಿಗೂ ಗೊತ್ತಿದ್ದದ್ದೇ. ಹಾಗಾದರೆ ಎಲ್ಲಿ ಹೋದರು?

ಅವರು ಇನ್ನೂ ನವೀಕರಣಕ್ಕೇ ಬಂದಿರಲಿಲ್ಲ. ಹೊಸದಾಗಿ ಲೈಸೆನ್ಸ್ ಪಡೆದವರು ಮೊದಲ ನವೀಕರಣ ಮಾಡುವುದು ಸುಮಾರು ಎರಡು ವರ್ಷದ ನಂತರ. ನೇರ ಡಿಎನ್‌ಪಿ ಎಂಬುದು ಹೊಸಬರಲ್ಲೇ ಹೆಚ್ಚು. ಅಂದರೆ ನವೀಕರಣದ ಅರ್ಜಿ ಯಾರನ್ನು ಹುಡುಕಲು ಹೊರಟಿತ್ತೋ ಅವರನ್ನೇ ತಡವಾಗಿ ಮುಟ್ಟುತ್ತಿತ್ತು. ಬೇರೆ ರಾಜ್ಯದ ಲೈಸೆನ್ಸ್ ತೋರಿಸಿ ಇಲ್ಲಿಗೆ ಬಂದವರದೂ ಅದೇ ಕಥೆ.

ಕಡಿಮೆ ಬಿದ್ದದ್ದನ್ನು ಅಂದಾಜಿನಿಂದ ತುಂಬುವುದೋ, ಮೊದಲ ಅರ್ಜಿಯಲ್ಲೂ ಅದೇ ಪ್ರಶ್ನೆ ಸೇರಿಸುವುದೋ? ಕೇಂದ್ರ ಎರಡನೆಯದನ್ನು ಆರಿಸಿ ಸಮಿತಿಯಿಂದ ಕಾಲಾವಕಾಶ ಕೇಳಿತು. ಪ್ರಕರಣದ ನಿಜವಾದ ತಿರುವು ಇದೇ ಎನ್ನಬಹುದು. ಹೊಸ ಲೈಸೆನ್ಸ್, ಬೇರೆ ರಾಜ್ಯದಿಂದ ಬಂದವರ ಲೈಸೆನ್ಸ್, ನವೀಕರಣ ಮೂರೂ ಅರ್ಜಿಗಳಲ್ಲಿ ಒಂದೇ ಪುಟ ಬಂತು. ಆಗಲೇ ಬಂದುಹೋಗಿದ್ದ ಹೊಸಬರಿಗೆ ಮಂಡಳಿಯ ಕಡತದಲ್ಲಿದ್ದ ಅಂಕಪಟ್ಟಿ ನೋಡಿ ಮೊದಲ ಪ್ರಶ್ನೆಯ ಉತ್ತರವನ್ನು ತುಂಬಿದರು. ಅಂಕಪಟ್ಟಿ ಉಪಯೋಗಕ್ಕೆ ಬಂದ ಇನ್ನೊಂದು ಕಡೆ ತಪಾಸಣೆ: ಎನ್‌ಪಿ ಅರ್ಹತೆಯ ಕೋರ್ಸ್ ಯಾವುದೆಂದು ಸ್ವತಃ ಹೇಳಿದ್ದಕ್ಕೂ ಕಡತಕ್ಕೂ ತಾಳೆ ನೋಡಿದರೆ, ಎಡವಿದ್ದು ಹೆಚ್ಚಾಗಿ ‘ಮಾಸ್ಟರ್ಸ್ ನಂತರದ ಸರ್ಟಿಫಿಕೇಟ್’ ಎಂಬಲ್ಲಿ. ಅದನ್ನು ಬರಿ ಮಾಸ್ಟರ್ಸ್ ಎಂದೇ ಎಷ್ಟೋ ಜನ ಹೇಳುತ್ತಾರೆ. ಡಿಎನ್‌ಪಿ ಲೆಕ್ಕಕ್ಕೆ ಇದರಿಂದ ಧಕ್ಕೆಯಿಲ್ಲ.

ಹಳೆಯ ‘ಅತ್ಯುನ್ನತ ಪದವಿ’ ಪ್ರಶ್ನೆಯನ್ನು ಒಂದು ಸುತ್ತು ಹೊಸದರ ಪಕ್ಕದಲ್ಲೇ ಉಳಿಸಿಕೊಂಡದ್ದನ್ನು ಅನಗತ್ಯ ಎಂದವರಿದ್ದರು. ಉಳಿಸದಿದ್ದರೆ ಹಿಂದಿನ ವರ್ಷಗಳ ಅಂಕಿಯೊಡನೆ ಕೊಂಡಿ ತಪ್ಪುತ್ತಿತ್ತು. ಎರಡನ್ನೂ ಎದುರುಬದುರು ಇಟ್ಟಾಗ ಹಳೆಯ ಪ್ರಶ್ನೆ ಎರಡೂ ಕಡೆ ತಪ್ಪುತ್ತಿದ್ದದ್ದು ಕಂಡಿತು: ಓದುತ್ತಿರುವವರನ್ನು ಒಳಗೆ ಸೇರಿಸಿತ್ತು, ಹಳೆಯ ಉತ್ತರ ಮೊದಲೇ ತುಂಬಿಕೊಂಡು ಬರುತ್ತಿದ್ದರಿಂದ ಹೊಸದಾಗಿ ಡಿಎನ್‌ಪಿ ಮುಗಿಸಿದವರನ್ನು ಮಾಸ್ಟರ್ಸ್‌ನಲ್ಲೇ ಬಿಟ್ಟಿತ್ತು.

ಸಮಿತಿಗೆ ಹೋದ ಉತ್ತರ

ವರದಿಗೆ ಒಂದು ದಿನಾಂಕ ನಿಗದಿ ಮಾಡಿ, ಆ ದಿನ ಲೈಸೆನ್ಸ್ ಚಾಲ್ತಿಯಲ್ಲಿದ್ದವರ ಕೊನೆಯ ಉತ್ತರವನ್ನು ಮಾತ್ರ ತೆಗೆದುಕೊಂಡರು. ಕೌಂಟಿವಾರು (ಕೌಂಟಿ ಎಂದರೆ ಅಲ್ಲಿನ ಜಿಲ್ಲೆ) ಕೋಷ್ಟಕ ಮಾಡಿದಾಗ ಕೆಲವು ಗ್ರಾಮೀಣ ಕೌಂಟಿಗಳಲ್ಲಿ ಒಬ್ಬರೋ ಇಬ್ಬರೋ. ಆ ಊರಿನವರಿಗೆ ಅದು ಯಾರೆಂದು ಹೆಸರು ಸಮೇತ ಗೊತ್ತು. ಮೆಡಿಕೇರ್ ದತ್ತಾಂಶಕ್ಕೆ ಅನ್ವಯಿಸುವ ಕಟ್ಟಳೆಯನ್ನೇ ಇಲ್ಲೂ ಹಿಡಿದು, 11ಕ್ಕಿಂತ ಕಡಿಮೆ ಅಂಕಿ ಇರುವ ಕೋಷ್ಟಕದ ಮನೆಗಳನ್ನು ಮುಚ್ಚಿದರು. ಒಂದನ್ನೇ ಮುಚ್ಚಿದರೆ ಒಟ್ಟು ಮೊತ್ತದಿಂದ ಕಳೆದು ಕಂಡುಹಿಡಿಯಬಹುದು, ಆದ್ದರಿಂದ ಪಕ್ಕದ ಇನ್ನೊಂದನ್ನೂ ಮುಚ್ಚಬೇಕಾಯಿತು. ಕೊನೆಗೆ ಕೌಂಟಿ ಬಿಟ್ಟು ನಾಲ್ಕಾರು ಕೌಂಟಿಗಳ ವಲಯಗಳಾಗಿ ಪ್ರಕಟಿಸಿದರು.

ಸಮಿತಿ ಒಂದು ಸಂಖ್ಯೆ ಕೇಳಿತ್ತು, ಸಿಕ್ಕದ್ದು ಮೂರು: ಡಾಕ್ಟರೇಟ್ ಇರುವ ಎನ್‌ಪಿಗಳು; ಡಿಎನ್‌ಪಿಯಿಂದಲೇ ಎನ್‌ಪಿ ಆದವರು; ಡಾಕ್ಟರೇಟ್ ಇದ್ದು ರಾಜ್ಯದೊಳಗೆ ಎನ್‌ಪಿ ಹುದ್ದೆಯಲ್ಲಿ ರೋಗಿಗಳನ್ನು ನೋಡುತ್ತಿರುವವರು. ಮೂರನೆಯದು ಮೊದಲನೆಯದಕ್ಕಿಂತ ಸಾಕಷ್ಟು ಚಿಕ್ಕದು. ಡಾಕ್ಟರೇಟ್ ಮುಗಿಸಿದವರಲ್ಲಿ ಗಣನೀಯ ಪಾಲು ಬೋಧನೆಗೂ ಆಡಳಿತಕ್ಕೂ ಸರಿದಿತ್ತು. ಕೆಲವರು ಲೈಸೆನ್ಸ್ ಇಲ್ಲಿಟ್ಟು ಬೇರೆ ರಾಜ್ಯದಲ್ಲಿ ದುಡಿಯುತ್ತಿದ್ದರು. ಇಷ್ಟನ್ನು ಮುಂದಿಟ್ಟಾಗ ಸಮಿತಿ ಕರಡನ್ನು ಬದಲಿಸಿತು: ಸಾಲ ತೀರಿಸುವ ಅರ್ಹತೆಯನ್ನು ಪದವಿಯಿಂದ ಬಿಡಿಸಿ, ವೈದ್ಯಕೀಯ ಸೇವೆ ಕೊರತೆಯಿರುವ ಪ್ರದೇಶದಲ್ಲಿ ವಾರಕ್ಕೆ ಎಷ್ಟು ಗಂಟೆ ಚಿಕಿತ್ಸೆ ಎಂಬುದಕ್ಕೆ ಕಟ್ಟಿತು. ಮಾಸ್ಟರ್ಸ್ ಎನ್‌ಪಿಗಳಿಗೂ ಬಾಗಿಲು ತೆರೆಯಿತು. ಡಿಎನ್‌ಪಿ ಬೆಂಬಲಿಗರಿಗೆ ಇದು ರುಚಿಸಲಿಲ್ಲ. ಆದರೆ ಯೋಜನೆಯ ಉದ್ದೇಶ ಗ್ರಾಮೀಣ ಚಿಕಿತ್ಸೆಯೇ ಆಗಿದ್ದರೆ ಬೇರೆ ತೀರ್ಮಾನಕ್ಕೆ ದತ್ತಾಂಶದಲ್ಲಿ ಆಸರೆ ಇರಲಿಲ್ಲ.

ಮುಂದಿನ ಸುತ್ತಿಗೆ ಉಳಿದ ತೀರ್ಮಾನ, ಹಿಂದಿನ ಉತ್ತರಗಳನ್ನು ಮೊದಲೇ ತುಂಬಿ ತೋರಿಸುವುದೋ ಬೇಡವೋ ಎಂಬುದು. ತೋರಿಸಿದರೆ ಬೇಗ ಮುಗಿಯುತ್ತದೆ, ಆದರೆ ಜನ ಓದದೆ ‘ಮುಂದೆ’ ಒತ್ತುತ್ತಾರೆ. ಹಾಗಾಗಿ ಎರಡು ಭಾಗ ಮಾಡಿದರು. ಪದವಿ ಒಮ್ಮೆ ಸಿಕ್ಕರೆ ಹೋಗುವಂಥದ್ದಲ್ಲ; ಅದನ್ನು ವರ್ಷ ಸಮೇತ ತೋರಿಸಿ, ‘ಇದರ ನಂತರ ಬೇರೆ ಪದವಿ ಪ್ರದಾನವಾಗಿದೆಯೇ’ ಎಂದಷ್ಟೇ ಕೇಳುತ್ತಾರೆ, ಹೌದು ಅಥವಾ ಇಲ್ಲ ಒತ್ತದೆ ಪುಟ ದಾಟುವುದಿಲ್ಲ. ಕೆಲಸದ ಜಾಗ, ಗಂಟೆ, ಜಿಪ್ ಸಂಖ್ಯೆ ಪ್ರತಿ ಸಲವೂ ಖಾಲಿಯಾಗಿಯೇ ಬರುತ್ತವೆ.